ಮಗಳು ಸತ್ತ ವರಾಂಡದಲ್ಲೇ ನನ್ನ ಮಾತ್ರೆ

ಮೊದಲು ಬಂದದ್ದು ಬಾಯಾರಿಕೆ. ಹಿರೇಹಡಗಲಿಯ ಹೊಲವೊಂದರಲ್ಲಿ ಶೇಂಗಾ ಕೀಳುತ್ತಿದ್ದೆ. ಎಲ್ಲರಿಗೂ ತಂದಿದ್ದ ಬಿಂದಿಗೆ ನೀರನ್ನು ನಾನೊಬ್ಬಳೇ ಮುಗಿಸಿದೆ. ಒಂದಕ್ಕೆ ಮರೆ ಹುಡುಕಿಕೊಂಡು ಮತ್ತೆ ಮತ್ತೆ ಎದ್ದು ಹೋದರೆ ಮೇಸ್ತ್ರಿ ಎಲ್ಲರೆದುರು ಕೇಳಿದ: "ಕೂಲಿಗೆ ಬಂದೀಯೋ, ತಿರುಗಾಕ ಬಂದೀಯೋ?" ಅಂದಿನಿಂದ ಹೊಲದಲ್ಲಿ ನೀರು ಕುಡಿಯುವುದನ್ನೇ ಬಿಟ್ಟೆ. ಮೂರನೆಯ ದಿನ ಸಾಲಿನ ನಡುವೆ ಬಿದ್ದೆ. ಎಚ್ಚರವಾದಾಗ ಸರ್ಕಾರಿ ಆಸ್ಪತ್ರೆಯಲ್ಲಿದ್ದೆ.

ಶುಗರ್ ಎಂದರು.

ಆಗ ನನಗೆ ನಲವತ್ತೊಂದು. ಮಗಳು ರೇಣುಕಾ ತೀರಿಕೊಂಡು ವರ್ಷವೂ ಆಗಿರಲಿಲ್ಲ. ಚೊಚ್ಚಲ ಹೆರಿಗೆಗೆ ಅವಳನ್ನು ಇದೇ ಆಸ್ಪತ್ರೆಗೆ ಕರೆತಂದಿದ್ದೆ. ಡಾಕ್ಟರು ಇರಲಿಲ್ಲ. ದೊಡ್ಡಾಸ್ಪತ್ರೆಗೆ ಒಯ್ಯಲು ಗಾಡಿ ಇರಲಿಲ್ಲ. ವರಾಂಡದ ಬೆಂಚಿನ ಮೇಲೆ, ನನ್ನ ಕೈ ಹಿಡಿದುಕೊಂಡೇ ಹೋದಳು. ಮಗುವೂ ಉಳಿಯಲಿಲ್ಲ.

ಮಾತ್ರೆ ಕೊಡುವ ಕಿಟಕಿ ಆ ಬೆಂಚಿನ ಪಕ್ಕದಲ್ಲೇ ಇತ್ತು.

ಎರಡು ಸಲ ಹೋದೆ. ಫಿನಾಯಿಲ್ ವಾಸನೆ ಬಡಿದ ಕೂಡಲೇ ಗೇಟಿನಿಂದಲೇ ತಿರುಗಿದೆ. ಹೊರಗೆ ಕೊಳ್ಳುವ ಶಕ್ತಿ ಇರಲಿಲ್ಲ. ಶುಗರಿನಿಂದ ಮರಗಟ್ಟಿದ್ದ ಬರಿಗಾಲಿಗೆ ಜಾಲಿಮುಳ್ಳು ನೆಟ್ಟದ್ದು ಗೊತ್ತೇ ಆಗಲಿಲ್ಲ. ಬೆರಳು ಕಪ್ಪಾದ ಮೇಲೆ ತಂಗಿ ನೀಲವ್ವ ನನ್ನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ಡಾಕ್ಟರು ಹೊಸಬರು. ಚೀಟಿ ನೋಡಿ ರೇಗಿದರು. "ಪುಕ್ಕಟೆ ಮಾತ್ರೆ ಕೊಟ್ರೂ ತಗೊಳ್ಳಲ್ಲ. ಅನ್ನ ಕಮ್ಮಿ ಮಾಡಲ್ಲ. ನಿಮ್ಮಂಥವರಿಗೆ ಜೀವದ ಬೆಲೆ ಗೊತ್ತಿಲ್ಲಮ್ಮ."

ಜೀವದ ಬೆಲೆ!

ನುಂಗಿಕೊಂಡದ್ದೆಲ್ಲ ಬಾಯಿಗೆ ಬಂತು. "ನನಗ ಗೊತ್ತೈತ್ರಿ ಸಾಹೇಬ್ರ. ಹೊರಗಿನ ಬೆಂಚಿನ ಮ್ಯಾಲೆ ನನ್ನ ಮಗಳು ಸತ್ತಾಳ. ಅವತ್ತು ಈ ಕುರ್ಚಿ ಖಾಲಿ ಇತ್ರಿ. ಮಾತ್ರಿ ಬೇಕಂದ್ರ ನಾನು ಆ ಬೆಂಚಿನ ಮುಂದ ಪಾಳಿ ನಿಲ್ಲಬೇಕು. ನೀವಾಗಿದ್ರ ನಿಲ್ತಿದ್ರೇನ್ರಿ? ಅನ್ನ ಬಿಡು ಅಂತೀರಿ. ರೇಷನ್ನಿನಾಗ ಕೊಡೋದು ಅಕ್ಕಿನಾ. ಮತ್ತೇನು ತಿನ್ನಲಿ?"

"ಸುಮ್ನಿರಕ್ಕ," ಎಂದು ನೀಲವ್ವ ಸೆರಗು ಜಗ್ಗಿದಳು.

ಡಾಕ್ಟರು ಪೆನ್ನು ಕೆಳಗಿಟ್ಟರು. "ಮಗಳ ಹೆಸರೇನು?" ಎಂದರು.

"ರೇಣುಕಾ."

ಆ ಕಟ್ಟಡದಲ್ಲಿ ಅವಳ ಹೆಸರು ಕೇಳಿದವರು ಅವರೊಬ್ಬರೇ.

ಬೆರಳು ತೆಗೆದರು. ಆಮೇಲಿನಿಂದ ಊರಿಗೆ ಬರುವ ನರ್ಸಮ್ಮನ ಕೈಲಿ ತಿಂಗಳ ಮಾತ್ರೆ ಕಳಿಸುತ್ತಿದ್ದಾರೆ. ಉಪಕಾರ ಮರೆಯುವವಳಲ್ಲ ನಾನು. ಆದರೆ ಒಂದು ಮಾತಿನಲ್ಲಿ ಆಗುವ ಇಷ್ಟು ಸಣ್ಣ ಕೆಲಸಕ್ಕೆ ಬಡವಳೊಬ್ಬಳು ಬೆರಳು ಕಳೆದುಕೊಂಡು, ಕೂಗಾಡಿ ಕೇಳಬೇಕಾಯಿತಲ್ಲ ಎಂಬ ಸಿಟ್ಟು ಇನ್ನೂ ಆರಿಲ್ಲ. ಅದು ಆರುವುದೂ ಬೇಡ.

ಸಿಟ್ಟಿನಲ್ಲೇ ಮಾತ್ರೆ ನುಂಗುತ್ತೇನೆ. ಈಗೀಗ ಬದುಕಬೇಕು ಅನ್ನಿಸುತ್ತಿದೆ.