ಜಯಕ್ಕ ಮಾಡದೆ ಬಿಟ್ಟ ಫೋನು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಈ ಪ್ರಕರಣದಲ್ಲಿ ದಡ್ಡ ಕೆಲಸ ಮಾಡಿದ್ದು ಹಾವಲ್ಲ, ಕೋಳಿಯಲ್ಲ, ನಾನು. ಗಣಪತಿ ಪೆಂಡಾಲಿನ ವೇದಿಕೆ ಹತ್ತಿ, ಮೈಕು ಹಿಡಿದು, ಹಾವು ಕಂಡು ನಡುಗಿದ ಹೆಂಗಸೊಬ್ಬಳ ದನಿಯನ್ನು ಊರಿಗೆಲ್ಲ ಮಾಡಿ ತೋರಿಸಿದೆ. ಚಪ್ಪಾಳೆ ಬಿತ್ತು. ಚಪ್ಪಾಳೆ ಬಿದ್ದರೆ ಅದನ್ನೇ ಇನ್ನೊಂದು ಸಲ ಮಾಡುವ ಸ್ವಭಾವ ನನ್ನದು. ಇನ್ನೊಂದು ಸಲವೂ ಮಾಡಿದೆ.

ಕೊರೊನಾ ಕಳೆದ ಮರುವರ್ಷದ ಮಾತು. ಶೆಟ್ಟಿಕೆರೆಯಲ್ಲಿ ನನ್ನದು ಸುಟ್ಟುಹೋದ ಪಂಪ್‌ಸೆಟ್ ಮೋಟಾರಿಗೆ ವೈಂಡಿಂಗ್ ಸುತ್ತಿಕೊಡುವ ಅಂಗಡಿ. ಅದರ ಜೊತೆಗೆ ಹಾವು ಹಿಡಿಯುವ ಕೆಲಸ. ತಿಪಟೂರಿನ ಹಿರಿಯರೊಬ್ಬರ ಹಿಂದೆ ಓಡಾಡಿ ಕಲಿತಿದ್ದೆ. ಹಿಡಿದದ್ದನ್ನು ಅರಣ್ಯ ಇಲಾಖೆಯವರಿಗೆ ತಿಳಿಸಿ, ಅವರು ಹೇಳಿದ ಜಾಗದಲ್ಲಿ ಬಿಟ್ಟು ಬರುತ್ತಿದ್ದೆ. ನಮ್ಮ ಕಡೆ ಬರುವ ಕರೆಗಳಲ್ಲಿ ಬಹಳಷ್ಟು ಕೋಳಿ ಗೂಡಿನವು. ಚೆಲ್ಲಿದ ಕಾಳಿಗೆ ಇಲಿ ಬರುತ್ತದೆ, ಇಲಿಗೆ ಹಾವು ಬರುತ್ತದೆ, ಬಂದ ಹಾವಿಗೆ ಮೊಟ್ಟೆ ಸಿಕ್ಕರೆ ಬೇಡ ಅನ್ನುವುದಿಲ್ಲ. ಪಕ್ಕದಲ್ಲೇ ತೆಂಗಿನಕಾಯಿ ಸಿಪ್ಪೆಯ ರಾಶಿ. ಒಳಗೆ ತಂಪು, ಕತ್ತಲೆ. ಬಾಡಿಗೆಯಿಲ್ಲದ ಮನೆ, ಬಾಗಿಲಲ್ಲೇ ಊಟ. ನಾನಾಗಿದ್ದರೂ ಖಾಲಿ ಮಾಡುತ್ತಿರಲಿಲ್ಲ. ಹೆಚ್ಚಾಗಿ ಸಿಗುವುದು ವಿಷವಿಲ್ಲದ ಕೇರೆ. ಆದರೆ ನಾಗರಕ್ಕೂ ಮೊಟ್ಟೆ ಇಷ್ಟ.

ಪಕ್ಕದ ಹಳ್ಳಿಯ ಜಯಕ್ಕ ನನಗೆ ಎಲ್ಲರಿಗಿಂತ ಹೆಚ್ಚು ಫೋನ್ ಮಾಡುತ್ತಿದ್ದವಳು. ಗಂಡನಿಲ್ಲ, ಮಗ ಲಾರಿ ಓಡಿಸುತ್ತಾನೆ, ಮನೆಯಲ್ಲಿ ಅವಳು, ಸೊಸೆ ಶೋಭಾ. ಕೊಬ್ಬರಿ ಶೆಡ್ಡಿನಲ್ಲಿ ಚಿಪ್ಪು ಬಿಡಿಸುವ ಕೆಲಸ ಅವಳದು. ಒಣಗಿದ ಕಾಯಿಯನ್ನು ಎಡಗೈಯಲ್ಲಿ ತಿರುಗಿಸುತ್ತಾ ಬಲಗೈಯ ಮಚ್ಚಿನಿಂದ ತಟ್ಟಿ, ಒಳಗಿನ ಉಂಡೆ ಒಡೆಯದಂತೆ ಚಿಪ್ಪನ್ನಷ್ಟೇ ಉದುರಿಸಬೇಕು. ನಾನೊಮ್ಮೆ ಕೂತು ನೋಡಿದೆ. ಉಂಡೆಯೂ ಒಡೆಯಿತು, ನನ್ನ ಉಗುರೂ ಹೋಯಿತು. "ನಿನ್ಗೆ ಹಾವೇ ಸರಿ, ಹೋಗ್ಲಾ," ಎಂದು ಶೆಡ್ಡಿನವರೆಲ್ಲ ನಕ್ಕರು. ಜಯಕ್ಕನ ಕೈಯಲ್ಲಿ ಮಾತ್ರ ಉಂಡೆ ಸ್ನಾನ ಮುಗಿಸಿ ಬಂದ ಹಾಗೆ ಹೊರಗೆ ಬರುತ್ತಿತ್ತು.

ಹಾವು ಕಾಣುವವರೆಗೆ ನಾನು ಅವಳಿಗೆ "ಲೇ ಮಂಜ". ಕಂಡ ಮೇಲೆ ದೇವರಾಗುತ್ತಿದ್ದೆ. "ನಮ್ಮಪ್ಪಾ ಮಂಜುನಾಥಾ, ಬ್ಯಾಗ ಬಾರಪ್ಪೋ! ಮೊಟ್ಟೆ ನುಂಗ್ಕಂಡು ನನ್ನೇ ನೋಡ್ತಾ ಕೂತೈತೆ ಕಣಪ್ಪೋ!" ಮೊದಲ ಅರ್ಧ ಕೀರಲು, ಕೊನೆಯ ಅರ್ಧ ಅಳು. ಹೋಗಿ ನೋಡಿದರೆ ಯಾವಾಗಲೂ ಕೇರೆ, ಒಮ್ಮೆಯಂತೂ ಬರೀ ಪೊರೆ.

ಆ ವರ್ಷದ ಪೆಂಡಾಲಿನಲ್ಲಿ ಹುಡುಗರು ಮಿಮಿಕ್ರಿ ಮಾಡು ಅಂದರು. ಹಾವು ಬಂದಾಗ ಯಾರ್ಯಾರು ಹೇಗೆ ಫೋನ್ ಮಾಡುತ್ತಾರೆ ಎಂಬುದೇ ನನ್ನ ಐಟಂ. ಮೇಷ್ಟ್ರು ಹಾಜರಿ ಕರೆಯುವ ದನಿಯಲ್ಲಿ, "ಮಂಜುನಾಥ, ನಮ್ಮ ಬಚ್ಚಲಿಗೆ ಒಂದು ಸರೀಸೃಪ ಆಗಮಿಸಿದೆ." ಆಮೇಲೆ ನನ್ನದೇ ದನಿ, ಹೊದಿಕೆಯೊಳಗಿಂದ: "ಬಂದೇ ಅಣ್ಣ, ನಿಮ್ಮ ಬೀದಿ ತಿರುವಲ್ಲೇ ಇದೀನಿ." ಕೊನೆಗೆ ಜಯಕ್ಕ. ಅವಳು ಮುಂದಿನ ಸಾಲಿನಲ್ಲೇ ಕೂತಿದ್ದಳು. ಸೆರಗು ಬಾಯಿಗೆ ಹಿಡಿದು ನಕ್ಕಳು. ನಕ್ಕಳು ಎಂದೇ ನಾನು ತಿಳಿದೆ.

ಮರುದಿನದಿಂದ ನಲ್ಲಿ ಹತ್ತಿರ, ಬಸ್ಸಿನಲ್ಲಿ, ಶೆಡ್ಡಿನಲ್ಲಿ ಅವಳನ್ನು ಕಂಡವರೆಲ್ಲ "ನನ್ನೇ ನೋಡ್ತಾ ಕೂತೈತೆ ಕಣಪ್ಪೋ" ಅನ್ನತೊಡಗಿದರು. ಮೊದಮೊದಲು ನನ್ನನ್ನು ಕಂಡರೆ, "ನಿನ್ ಬಾಯಿಗೆ ಚಿಪ್ಪು ತುರುಕ್ತೀನಿ ಕಣ್ಲಾ," ಎಂದು ಬೈಯುತ್ತಿದ್ದಳು. ಆಮೇಲೆ ಬೈಗುಳ ನಿಂತಿತು. ಫೋನೂ ನಿಂತಿತು. ನಾನು ಹೇಳಿದಂತೆ ಸಿಪ್ಪೆ ರಾಶಿ ಸರಿಸಿರಬೇಕು, ಅದಕ್ಕೇ ಹಾವಿಲ್ಲ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಬೇಸಿಗೆಯ ಒಂದು ಮಧ್ಯಾಹ್ನ ಜಯಕ್ಕನ ಪಕ್ಕದ ಮನೆಯವರೊಬ್ಬರು ಫೋನ್ ಮಾಡಿ, "ಜಯಕ್ಕನ ಕೋಳಿ ಗೂಡಲ್ಲಿ ಹಾವೈತೆ, ಬಾ," ಎಂದಷ್ಟೇ ಹೇಳಿ ಇಟ್ಟರು. ಹೋದಾಗ ಹಿತ್ತಿಲ ತುಂಬ ಹಾವು ಎಂದು ಕೇಳಿ ಆಗಷ್ಟೇ ಓಡಿ ಬಂದ ಜನ. ಮನೆಯವರು ಕಾಣಲಿಲ್ಲ, ಹೆದರಿ ಒಳಗಿರಬೇಕು ಎಂದುಕೊಂಡೆ. ಗೂಡಿನ ಮೂಲೆಯಲ್ಲಿದ್ದದ್ದು ನಾಗರ. ಕೊಕ್ಕೆಯಿಂದ ಮೆಲ್ಲನೆ ಹೊರಗೆಳೆದೆ. ಹೊಟ್ಟೆ ತುಂಬಿದ ಹಾವನ್ನು ಕೆಣಕಿದರೆ ಹಗುರಾಗಲು ತಿಂದದ್ದನ್ನು ಕಕ್ಕುತ್ತದೆ. ಇದೂ ಕಕ್ಕಿತು. ಒಂದೊಂದೇ ಮೊಟ್ಟೆ ಅಂಟಂಟಾಗಿ ನೆಲಕ್ಕೆ ಉರುಳಿತು. ಒಂದೂ ಒಡೆದಿರಲಿಲ್ಲ. ಹಾವನ್ನು ಚೀಲಕ್ಕಿಳಿಸಿ ಬಾಯಿ ಕಟ್ಟಿದೆ. ಮೊಬೈಲು ಎತ್ತಿ ಹಿಡಿದಿದ್ದವನೊಬ್ಬ ಕೂಗಿದ:

"ಮಂಜಣ್ಣ, ಒಂದ್ಸಲ ಜಯಕ್ಕನ ದನಿ ಮಾಡಣ್ಣೋ!"

ನಾನು ಗಂಟಲು ಸರಿ ಮಾಡಿಕೊಂಡೆ.

"ಮುಚ್ಲಾ ಬಾಯಿ!" ಫೋನ್ ಮಾಡಿದ್ದ ಪಕ್ಕದ ಮನೆಯವರು ಜನರನ್ನು ತಳ್ಳಿಕೊಂಡು ಬಂದರು. ಮೈಯೆಲ್ಲ ಬೆವರು. "ಜಯಕ್ಕಂಗೆ ಕಚ್ಚೈತೆ. ಈಗ್ತಾನೆ ಮೇನ್ ರೋಡಲ್ಲಿ ಆಟೋಗೆ ಹತ್ಸಿ ಬಂದೆ. ತಿಪಟೂರಿಗೆ ಹೋದ್ರು."

ಚೀಲ ನನ್ನ ಕೈಯಲ್ಲಿ ಬುಸುಗುಡುತ್ತಿತ್ತು.

ಆಸ್ಪತ್ರೆಗೆ ಹೋದಾಗ ಜಯಕ್ಕನ ರೆಪ್ಪೆಗಳು ಜೋತುಬಿದ್ದಿದ್ದವು, ಮಾತು ತೊದಲುತ್ತಿತ್ತು. ನಾಗರದ ವಿಷ ನರಗಳನ್ನು ಹಿಡಿಯುತ್ತದೆ. ಕಚ್ಚಿದ ಜಾಗದ ಮಾಂಸವನ್ನೂ ಕೊಳೆಸುತ್ತದೆ. ಆಂಟಿವೆನಮ್, ಅಂದರೆ ವಿಷವನ್ನು ಮುರಿಯುವ ಔಷಧಿ, ಬೇಗ ಸಿಕ್ಕಿದ್ದರಿಂದ ಜೀವ ಉಳಿಯಿತು. ಬೆರಳು ಉಳಿಯಲಿಲ್ಲ. ಬಲಗೈಯ ತೋರುಬೆರಳು ಕಪ್ಪಾಯಿತು, ಡಾಕ್ಟರು ತೆಗೆದರು. ಪಕ್ಕದ ಬೆರಳು ಉಳಿದರೂ ಮಡಚಲು ಬಾರದಾಯಿತು.

ವಾರ್ಡಿನ ಹೊರಗೆ ಶೋಭಾ ನನ್ನ ಮುಖ ನೋಡದೆ ನಡೆದದ್ದು ಹೇಳಿದಳು. "ಕೋಳಿ ಒಂದೂ ಗೂಡಿನ ಹತ್ರಕ್ಕೆ ಹೋಗ್ತಿರ್ಲಿಲ್ಲ. ಮಂಜಣ್ಣಂಗೆ ಮಾಡಿ ಅತ್ತೆ ಅಂದೆ. ಫೋನ್ ತಗಂಡ್ರು, ನೋಡಿದ್ರು, ಮತ್ತೆ ಕಿಟಕೀಲಿ ಮಡಗ್ಬುಟ್ರು. ಕೋಲ್ನಾಗೆ ತಿವಿದ್ರು, ಏನೂ ಅಲ್ಲಾಡ್ಲಿಲ್ಲ. ಮೊಟ್ಟೆನಾದ್ರೂ ತಗಳಾನ ಅಂತ ಕೈ ಹಾಕಿದ್ರು."

ಇಂಥದ್ದನ್ನು ಬರೆಯುವವರು ಕೆಲಸ ಕಲಿಸಿದ ಪಾಠ ಹೇಳಬೇಕಂತೆ. ಗೂಡಿನ ಸಂದುಗಳಿಗೆ ಸಣ್ಣ ಕಣ್ಣಿನ ತಂತಿ ಜಾಲರಿ ಹೊಡೆಯಿರಿ. ಸಿಪ್ಪೆ ರಾಶಿ ದೂರವಿರಲಿ. ಬೆಳಕಿಲ್ಲದ ಕಡೆ ಕೈ ಹಾಕಬೇಡಿ. ಇದು ನಿಮಗೆ. ನನಗಿರುವುದು ಬೇರೆ: ಯಾರಾದರೂ ಕರೆದರೆ ತಾನೇ ನನಗೆ ಕೆಲಸ? ಕರೆಯುವುದಕ್ಕೇ ನಾಚಿಕೆಯಾಗುವಂತೆ ಮಾಡಿದ ಮೇಲೆ ಕೊಕ್ಕೆ ಹಿಡಿಯುವುದನ್ನು ಎಷ್ಟು ಚೆನ್ನಾಗಿ ಕಲಿತಿದ್ದರೂ ಅಷ್ಟೇ.

ಜಯಕ್ಕ ಮನೆಗೆ ಬಂದ ಮೇಲೆ ಜಾಲರಿಯ ಸುರುಳಿ ಹೊತ್ತುಕೊಂಡು ಹೋದೆ. ಅವಳು ಜಗುಲಿಯ ಮೇಲೆ ಕೂತು ಎಡಗೈಯಲ್ಲಿ ಮಚ್ಚು ಹಿಡಿಯುವುದನ್ನು ಅಭ್ಯಾಸ ಮಾಡುತ್ತಿದ್ದಳು. ಕಾಯಿಯನ್ನು ಬ್ಯಾಂಡೇಜಿನ ಕೈಯಿಂದ ಒತ್ತಿ ಹಿಡಿದು ತಟ್ಟುವಳು, ಕಾಯಿ ಜಾರುವುದು, ಎಳೆದುಕೊಂಡು ಮತ್ತೆ ತಟ್ಟುವಳು. ನಾನು ಗೂಡಿಗೆ ಸುತ್ತಲೂ ಜಾಲರಿ ಹೊಡೆದೆ. ಹೊರಡುವಾಗ ತಡೆಯಲಾರದೆ ಕೇಳಿಬಿಟ್ಟೆ:

"ಒಂದ್ ಫೋನ್ ಮಾಡಬಾರ್ದಿತ್ತಾ ಜಯಕ್ಕ? ಓಡಿ ಬತ್ತಿರ್ಲಿಲ್ವಾ ನಾನು?"

ಅವಳು ಜಾರಿದ ಕಾಯಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ನೀನು ಬತ್ತಿದ್ದೆ ಕಣಪ್ಪ, ಅದು ನಂಗೊತ್ತು. ನಿನ್ ಹಿಂದ್ಲೇ ಊರೂ ಬತ್ತಿತ್ತು, ನಾನ್ ಹೆಂಗ್ ಕಿರುಚ್ಕಂಡೆ ಅಂತ ಕೇಳಕೆ."