ಚರಗದ ಕೂಗಿಗೆ ಓಗೊಟ್ಟವಳು

೧೯೯೮ರ ಎಳ್ಳಮಾವಾಸ್ಯೆ. ಅದೇ ವರ್ಷ ಶ್ರಾವಣದಲ್ಲಿ ನನ್ನ ಹೆಂಡತಿ ಗೌರಮ್ಮ ಜ್ವರ ಬಂದು ತೀರಿಕೊಂಡಿದ್ದಳು. ನಮಗೆ ಮಕ್ಕಳಿರಲಿಲ್ಲ. ಹಗರಿಬೊಮ್ಮನಹಳ್ಳಿಯಲ್ಲಿ ನನ್ನದೊಂದು ಟೈಲರ್ ಅಂಗಡಿ, ಕೋಗಳಿ ದಾರಿಯಲ್ಲಿ ಎರಡೆಕರೆ ಹೊಲ.

"ವರ್ಷ ತುಂಬೋ ತನಕ ಹಬ್ಬ ಮಾಡಂಗಿಲ್ಲ. ಮನ್ಯಾಗ ಸುಮ್ನ ಇರು" ಎಂದು ಕೊಟ್ಟೂರಿನಿಂದ ಅಣ್ಣ ಫೋನ್ ಮಾಡಿ ಹೇಳಿದ. ನಾನು ಮೊದಲೇ ಹಟಮಾರಿ. ತೆನೆ ಹೊತ್ತ ಭೂಮಿ ಬಸುರಿ, ಆಕೆಯ ಬಯಕೆಗೆ ಚರಗ ಚೆಲ್ಲಲೇಬೇಕು ಎಂದು ಗೌರಮ್ಮ ಮದುವೆಯಾದ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ತಪ್ಪಿಸಿರಲಿಲ್ಲ. ತನಗಂತೂ ಬಯಕೆಯ ಊಟ ಉಣ್ಣುವ ಭಾಗ್ಯ ಬರಲಿಲ್ಲ ಪಾಪ. ಅವಳು ನಡೆಸಿಕೊಂಡು ಬಂದದ್ದು ಅವಳು ಸತ್ತ ವರ್ಷವೇ ನಿಲ್ಲುವುದು ನನಗೆ ಬೇಕಿರಲಿಲ್ಲ.

ಬೆಳಿಗ್ಗೆ ಎದ್ದು ಸಜ್ಜೆ ರೊಟ್ಟಿ ಬಡಿದೆ. ಬಟ್ಟೆ ಅಳೆದು ಕತ್ತರಿಸುವ ಕೈಗೆ ಒಂದು ರೊಟ್ಟಿಯೂ ದುಂಡಗೆ ಬರಲಿಲ್ಲ, ನಾಲ್ಕು ಸುಟ್ಟವು. ರೊಟ್ಟಿ, ಬದನೆಕಾಯಿ ಪಲ್ಯ, ಮೊಸರನ್ನ ಬುಟ್ಟಿಗೆ ಹಾಕಿಕೊಂಡು, ಅವಳ ತಂಬಿಗೆಯಲ್ಲಿ ನೀರು ತುಂಬಿಕೊಂಡು ಹೊಲಕ್ಕೆ ಹೋದೆ.

ಚರಗಕ್ಕೆ ಇಬ್ಬರು ಬೇಕು. ಮುಂದಿನವರು ಎಡೆಯನ್ನು ಬೆಳೆಗೆ ಚೆಲ್ಲುತ್ತ "ಹುಲ್ಲುಲ್ಲಿಗೋ" ಎಂದು ಕೂಗಬೇಕು. ಹಿಂದಿನವರು ನೀರು ಚಿಮುಕಿಸುತ್ತ "ಚಲ್ಲಂಬ್ರಿಗೋ" ಎಂದು ಓಗೊಡಬೇಕು. ಅಡುಗೆಯ ಗಡಿಬಿಡಿಯಲ್ಲಿ ನಾನು ಇದನ್ನೇ ಮರೆತಿದ್ದೆ!

ಒಂದು ಹಿಡಿ ಚೆಲ್ಲಿ ಕೂಗಿದೆ. ರೂಢಿಯಂತೆ ನಿಂತು ಕಾದೆ. ಜೋಳದ ಗರಿಗಳ ಸದ್ದು ಬಿಟ್ಟರೆ ಏನೂ ಇಲ್ಲ. ಸುತ್ತಲಿನ ಹೊಲಗಳಲ್ಲಿ ಮನೆಮಂದಿಯೆಲ್ಲ ಸಾಲಾಗಿ ಕೂತು ಉಣ್ಣುತ್ತಿದ್ದರು. ಅವಳನ್ನು ಮಣ್ಣು ಮಾಡಿದ ದಿನವೂ ನನಗೆ ಅಷ್ಟು ಒಂಟಿ ಅನ್ನಿಸಿರಲಿಲ್ಲ. ಬುಟ್ಟಿಯನ್ನೂ ತಂಬಿಗೆಯನ್ನೂ ಬದುವಿನ ಮೇಲಿಟ್ಟು ಮನೆಯ ದಾರಿ ಹಿಡಿದೆ.

"ಚಲ್ಲಂಬ್ರಿಗೋ!"

ಹೌಹಾರಿ ತಿರುಗಿದೆ. ದುರ್ಗವ್ವ. ಕಳೆ ತೆಗೆಯಲು ಗೌರಮ್ಮನ ಜೊತೆ ಬರುತ್ತಿದ್ದ ಕೂಲಿಯ ಮುದುಕಿ. ಪಕ್ಕದ ಹೊಲದಿಂದ ಏದುಸಿರು ಬಿಡುತ್ತ ಬಂದು ತಂಬಿಗೆ ಎತ್ತಿಕೊಂಡಿದ್ದಳು.

"ಎಲ್ಲಿಗೆ ಹೊಂಟಿ ತಮ್ಮಾ? ಭೂಮ್ತಾಯೀನ ಉಣ್ಣಾಕ ಕುಂದ್ರಿಸಿ ಅರ್ಧಕ್ಕ ಎಬ್ಬಿಸ್ತಾರೇನು? ಹಿಡಿ ಬುಟ್ಟಿ. ಕೂಗು."

ಕೂಗಿದೆ. ಹೊಲದ ನಾಲ್ಕೂ ಮೂಲೆ ಸುತ್ತಿದೆವು. ಕಣ್ಣೀರು ಒರೆಸಿಕೊಳ್ಳಲು ನನಗೆ ಕೈ ಬಿಡುವಿರಲಿಲ್ಲ. ಆಮೇಲೆ ಬದುವಿನ ಮೇಲೆ ಕೂತು ಉಂಡೆವು.

"ರೊಟ್ಟಿ ಸುಟ್ಟೈತಿ. ಭೂಮ್ತಾಯಿ ಏನೂ ಅನ್ನಂಗಿಲ್ಲ, ಆದ್ರ ನಾ ಅಂತೀನಿ" ಎಂದಳು ದುರ್ಗವ್ವ.

ಮುಂದೆ ಪ್ರತಿ ವರ್ಷವೂ ಅವಳೇ ನನ್ನ ಹಿಂದೆ ತಂಬಿಗೆ ಹಿಡಿದು ಬಂದಳು. ಆದರೆ ನಾನು ಕೂಗಿದ ಮೇಲೆ ಒಂದು ಕ್ಷಣ ಸುಮ್ಮನಿದ್ದು ಆಮೇಲೆ ಓಗೊಡುತ್ತಿದ್ದಳು. ವಯಸ್ಸಾಯಿತು, ಕಿವಿ ಮಂದವಾಗಿರಬೇಕು ಅಂದುಕೊಂಡಿದ್ದೆ. ಒಂದು ವರ್ಷ ಕೇಳಿಯೇ ಬಿಟ್ಟೆ.

"ಕಿವಿ ಚಂದಾಗೇ ಅದಾವು ತಮ್ಮಾ" ಎಂದಳು. "ಮೊದ್ಲು ಗೌರಮ್ಮ ಅನ್ಲಿ ಅಂತ ಬಿಟ್ಟಿರ್ತೀನಿ."