ಜಡೆಪ್ಪನವರ ಆರನೆಯ ವೈರಿ

ತೆಕ್ಕಲಕೋಟೆಯ ಜಡೆಪ್ಪನವರು ಕಾಮಕ್ರೋಧಾದಿ ಐವರು ವೈರಿಗಳನ್ನು ಗೆದ್ದವರೆಂದು ಊರೇ ಒಪ್ಪುತ್ತದೆ; ಆರನೆಯದಾದ ಮತ್ಸರಕ್ಕೆ ಮಾತ್ರ ಅವರು ಮೂವತ್ತೈದು ವರ್ಷಗಳಿಂದ ಮನೆಯಲ್ಲಿಯೇ ಮಣೆ ಹಾಕಿ ಕೊಟ್ಟಿದ್ದಾರೆ. ಅದಕ್ಕೆ ಕಾರಣ, ಹಿಂದೆ ದೂರದರ್ಶನದಲ್ಲಿ ವಾರಕ್ಕೊಮ್ಮೆ ಬರುತ್ತಿದ್ದ ಹಾಸ್ಯ ಧಾರಾವಾಹಿಯೊಂದರ ನಾಯಕ. ಚಹಾದಂಗಡಿಯ ಕಟ್ಟೆಯಲ್ಲಿ ಯಾರಾದರೂ ಆ ನಟನನ್ನು ನೆನೆದರೆ ಸಾಕು, ಜಡೆಪ್ಪನವರು ಕೈಯ ಲೋಟವನ್ನು ಕೆಳಗಿಟ್ಟು, "ಅವ ಏನ್ ದೊಡ್ಡ ಕಲಾವಿದ್ನಲೇ? ಯಾರೋ ಬರದ್ ಕೊಟ್ಟಿದ್ದು ಒದರ್ತಿದ್ದ!" ಎಂದು ಹಂಗಿಸಿ, ಆ ಸಂಭಾಷಣೆಯನ್ನು ಒಂದಕ್ಷರ ತಪ್ಪದೆ, ಅವನದೇ ದನಿಯಲ್ಲಿ ಒಪ್ಪಿಸುವರು. ಕೇಳಿದವರು ನಕ್ಕರೆ, "ನೋಡ್ರಿ, ನಾನೂ ನಗಸ್ತೀನಿ" ಎಂದು ಗೆದ್ದವರಂತೆ ಎದ್ದು ಮನೆಗೆ ಹೋಗುವರು. ಅಲ್ಲಿ ಪತ್ನಿ ಗಂಗಕ್ಕನವರ ಮುಂದೆ ಅದನ್ನೇ ಆಡಿ ತೋರಿಸಿದರೆ, "ಸಾಕು ಬಿಡ್ರಿ, ಅವನಂಗ ಬರಂಗಿಲ್ಲ ನಿಮಗ" ಎಂಬುದೊಂದೇ ತೀರ್ಪು. ಮೊನ್ನೆ ಮೊಮ್ಮಗಳು ಪೂಜಿತಾ ಫೋನಿನಲ್ಲಿ ಆ ನಟನ ಹಳೆಯ ಫೋಟೋವನ್ನು ತೋರಿಸಿದಾಗ ಅವರು ಕನ್ನಡಕವನ್ನು ಒರೆಸಿ ಒರೆಸಿ ನೋಡಿ, "ಯಾರವ್ವ ಇವ?" ಎಂದರು. "ದಿನಾ ನೀ ಬಯ್ಯೋದು ಇವನನ್ನ, ಮುಖಾನ ಗೊತ್ತಿಲ್ಲೇನ್ ತಾತ?" ಎಂದು ಹುಡುಗಿ ನಕ್ಕಳು. ಜಡೆಪ್ಪನವರು ಆ ಮುಖವನ್ನು ಇನ್ನೊಮ್ಮೆ ದಿಟ್ಟಿಸಿ ಹೇಳಿದರು: "ಎಲ್ಲಿ ನೋಡ್ಲವ್ವಾ? ಧಾರಾವಾಹಿ ಮುಗಿಯೋತನಕ ನಾನು ಮಾಳಿಗಿ ಮ್ಯಾಲ ಆಂಟೆನಾ ಹಿಡ್ಕೊಂಡು ನಿಂತಿರ್ತಿದ್ದೆ. ಅವನ ಮಾತು, ನಿಮ್ಮಜ್ಜಿ ನಗು, ಇವೆರಡೇ ಮ್ಯಾಲಕ ಕೇಳಿಸ್ತಿದ್ವು. ಕೈ ಬಿಟ್ರ ಚಿತ್ರ ಹೋಗತಿತ್ತು. ಚಿತ್ರ ಹೋದ್ರ ಆಕಿ ನಗು ನಿಂದ್ರತಿತ್ತು."